ರಿವಾಲ್ವರ್‌ಗೆ ಬೀಗ ಹಾಕಲು ಹೋಗಿ ಮುಳುಗುವ ಹಂತಕ್ಕೆ ಬಂದ ಕಂಪನಿ: ಏನಿದು ಅಮೆರಿಕದ 25 ವರ್ಷದ ಜಗಳ?

2024ರ ಅಕ್ಟೋಬರ್ 1ರ ಬೆಳಗಿನ ಜಾವ ಹಿಂದಿ ನಟ ಗೋವಿಂದ ಅವರ ಕಾಲಿಗೆ ಅವರದ್ದೇ ಲೈಸೆನ್ಸ್ ರಿವಾಲ್ವರ್‌ನಿಂದ ಗುಂಡು ಹೊಕ್ಕಿತು. ಕೋಲ್ಕತ್ತಾಗೆ ಹೊರಡುವ ಗಡಿಬಿಡಿಯಲ್ಲಿ ರಿವಾಲ್ವರನ್ನು ಬೀರುವಿಗೆ ಇಡುವಾಗ ಕೈಜಾರಿ ಬಿತ್ತು, ಗುಂಡು ಹಾರಿತು ಅಂತ ಅವರ ಕಡೆಯವರು ಹೇಳಿದ್ದರು. ಆಪರೇಷನ್ ಆಯ್ತು, ಗುಂಡು ತೆಗೆದರು, ಅವರು ಮನೆಗೆ ಬಂದರು. ಆದರೆ ಆವತ್ತು ಟಿವಿ ನೋಡಿದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಅದಕ್ಕೆ ಲಾಕ್ ಹಾಕಿರ್ಲಿಲ್ವಾ?"

ಕೇಳೋಕೆ ಸುಲಭದ ಪ್ರಶ್ನೆ. ಉತ್ತರ ಮಾತ್ರ ಅಷ್ಟು ಸುಲಭ ಇಲ್ಲ. ಸಿನಿಮಾದಲ್ಲಿ ಹೀರೋ ಹೆಬ್ಬೆರಳಿನಿಂದ ಟಕ್ ಅಂತ ಸೇಫ್ಟಿ ತೆಗೆಯೋದು ಪಿಸ್ತೂಲಿನದ್ದು. ಸುತ್ತುವ ಗುಂಡಿನ ಚಕ್ರ ಇರುವ ರಿವಾಲ್ವರ್‌ಗಳಲ್ಲಿ ಬಹುತೇಕವಕ್ಕೆ ಹಾಗೆ ಕೈಯಿಂದ ಹಾಕಿ ತೆಗೆಯುವ ಸೇಫ್ಟಿಯೇ ಇಲ್ಲ. ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಹಾಗೇ ಬಂದಿದೆ. ತೆಗೆದ ತಕ್ಷಣ ಕೆಲಸ ಮಾಡಬೇಕು, ಮಧ್ಯೆ ಇನ್ನೊಂದು ಗುಂಡಿ ಒತ್ತುವ ತಲೆನೋವು ಇರಬಾರದು ಅನ್ನೋದೇ ರಿವಾಲ್ವರ್ ಮೆಚ್ಚುವವರ ವಾದ.

ಅಂಥ ರಿವಾಲ್ವರ್ ಒಳಗೆ ಕಂಪನಿಯೇ ಒಂದು ಬೀಗ ಕೂರಿಸಿ, ಜೊತೆಗೆ ಕೀ ಕೊಟ್ಟು ಮಾರಿದರೆ? ಒಳ್ಳೇದೇ ಅಲ್ವಾ ಅನ್ನಿಸಬಹುದು. ಅಮೆರಿಕದಲ್ಲಿ ಇದೇ ವಿಷಯಕ್ಕೆ ಗಿರಾಕಿಗಳು ಕಂಪನಿಗೆ ಬಹಿಷ್ಕಾರ ಹಾಕಿದರು, ಕಂಪನಿ ಮೂರು ಕಾಸಿಗೆ ಮಾರಾಟವಾಯ್ತು, 25 ವರ್ಷ ಕಳೆದರೂ ಆ ಸಿಟ್ಟು ಇಳಿದಿಲ್ಲ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ

"ಲಾಕ್" ಅಂತ ನಾವು ಒಂದೇ ಮಾತಲ್ಲಿ ಹೇಳೋದು ಎರಡು ಬೇರೆ ಬೇರೆ ವಸ್ತು. ಒಂದು, ಕೆಳಗೆ ಬಿದ್ದಾಗ ತಾನಾಗಿ ಹಾರದಂತೆ ತಡೆಯುವುದು. ಇನ್ನೊಂದು, ಬೇರೆಯವರು, ಮುಖ್ಯವಾಗಿ ಮಕ್ಕಳು, ಟ್ರಿಗರ್ ಎಳೆದರೂ ಹಾರದಂತೆ ತಡೆಯುವುದು.

ಮೊದಲನೆಯದಕ್ಕೆ ಕೀ ಬೇಕಿಲ್ಲ. ರಿವಾಲ್ವರ್‌ನ ಹಿಂಬದಿಯಲ್ಲಿ ಗುಂಡಿನ ತಳಕ್ಕೆ ಬಡಿಯುವ ಸುತ್ತಿಗೆಯಂಥ ಭಾಗ ಇದೆ. ಇಂಗ್ಲಿಷಲ್ಲಿ ಹ್ಯಾಮರ್ ಅಂತಾರೆ, ಕೋವಿ ಹಿಡಿಯುವವರ ಕನ್ನಡದಲ್ಲಿ ಕುದುರೆ. ಹಳೇ ಕಾಲದ ಹಲವು ರಿವಾಲ್ವರ್‌ಗಳಲ್ಲಿ ಈ ಕುದುರೆಯ ಮೂತಿ ನೇರ ಗುಂಡಿನ ಮೇಲೇ ಕೂತಿರುತ್ತಿತ್ತು. ಬಿದ್ದು ಕುದುರೆಗೆ ಏಟಾದರೆ ಢಂ. ಅದಕ್ಕೇ ಹಳಬರು ಆರು ಗುಂಡಿನ ಜಾಗದಲ್ಲಿ ಐದೇ ತುಂಬಿ, ಕುದುರೆ ಕೆಳಗಿನ ಮನೆಯನ್ನು ಖಾಲಿ ಬಿಡುತ್ತಿದ್ದರು.

ಎರಡನೇ ಮಹಾಯುದ್ಧದ ಕಾಲದಲ್ಲಿ, 1944ರಲ್ಲಿ, ಅಮೆರಿಕದ ನೌಕಾಪಡೆಯ ಹಡಗಿನ ಮೇಲೆ ಸ್ಮಿತ್ ಅಂಡ್ ವೆಸನ್ ಕಂಪನಿಯ ರಿವಾಲ್ವರ್ ಒಂದು ಕಬ್ಬಿಣದ ನೆಲಕ್ಕೆ ಬಿದ್ದು ಹಾರಿ ನಾವಿಕನೊಬ್ಬ ಸತ್ತ. ಕಂಪನಿ ತಕ್ಷಣ ಒಳಗಿನ ವಿನ್ಯಾಸ ಬದಲಿಸಿತು. ಟ್ರಿಗರ್ ಪೂರ್ತಿ ಎಳೆಯದಿದ್ದರೆ ಕುದುರೆ ಮತ್ತು ಗುಂಡಿನ ಮಧ್ಯೆ ಒಂದು ಉಕ್ಕಿನ ಪಟ್ಟಿ ಅಡ್ಡ ನಿಲ್ಲುವ ಹಾಗೆ ಮಾಡಿತು. ರೂಗರ್ ಅನ್ನೋ ಇನ್ನೊಂದು ಅಮೆರಿಕನ್ ಕಂಪನಿ 1973ರಲ್ಲಿ ಬೇರೆ ರೀತಿಯ ತಡೆ ತಂದಿತು. ಅದಕ್ಕೂ ಹಿಂದೆ ಮಾರಿದ್ದ ತನ್ನ ಹಳೇ ರಿವಾಲ್ವರ್‌ಗಳಿಗೂ ಆಮೇಲೆ ಪುಕ್ಕಟೆಯಾಗಿ ಹೊಸ ಭಾಗ ಹಾಕಿಕೊಟ್ಟಿತು.

ಈ ಬದಲಾವಣೆಗಳಿಗೆ ಯಾರೂ ತಕರಾರು ಎತ್ತಲಿಲ್ಲ. ಬಳಸುವವನು ಏನೂ ಮಾಡಬೇಕಿಲ್ಲ, ಮರೆಯೋಕೂ ಸಾಧ್ಯ ಇಲ್ಲ, ತೊಂದರೆಯೂ ಇಲ್ಲ. ಜಗಳ ಎದ್ದಿದ್ದು ಎರಡನೇ ರೀತಿಯ ಬೀಗಕ್ಕೆ.

ಮೂರು ವಾರದೊಳಗೆ ಬಂದ ಒಪ್ಪಂದ

1990ರ ದಶಕದ ಕೊನೆ. ಅಮೆರಿಕದ ನಗರಸಭೆಗಳು ಬಂದೂಕು ಕಂಪನಿಗಳ ಮೇಲೆ ಸಾಲುಸಾಲಾಗಿ ಕೇಸ್ ಹಾಕಲು ಶುರು ಮಾಡಿದವು. 1998ರ ಅಕ್ಟೋಬರ್‌ನಲ್ಲಿ ನ್ಯೂ ಆರ್ಲಿಯನ್ಸ್, ಮರುತಿಂಗಳು ಶಿಕಾಗೋ, ಆಮೇಲೆ ಇನ್ನೂ ಹತ್ತಾರು. "ನಿಮ್ಮ ಮಾಲಿನಿಂದ ನಮ್ಮ ಆಸ್ಪತ್ರೆ, ಪೊಲೀಸ್ ಖರ್ಚು ಏರಿದೆ, ಕಟ್ಟಿಕೊಡಿ" ಅನ್ನೋದು ವಾದದ ಸಾರ. ಸಿಗರೇಟ್ ಕಂಪನಿಗಳಿಂದ ರಾಜ್ಯಗಳು ದೊಡ್ಡ ಮೊತ್ತ ವಸೂಲಿ ಮಾಡಿದ ಕಾಲ ಅದು.

1999ರ ಏಪ್ರಿಲ್‌ನಲ್ಲಿ ಕೊಲಂಬೈನ್ ಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಗುಂಡು ಹಾರಿಸಿ 13 ಜನರನ್ನು ಕೊಂದರು. 2000ದ ಫೆಬ್ರವರಿ 29ರಂದು ಮಿಷಿಗನ್ ರಾಜ್ಯದಲ್ಲಿ ಆರು ವರ್ಷದ ಹುಡುಗ ಮನೆಯಲ್ಲಿ ಸಿಕ್ಕ .32 ಕೈಬಂದೂಕನ್ನು ಸ್ಕೂಲಿಗೆ ತಂದು ತನ್ನದೇ ಒಂದನೇ ಕ್ಲಾಸಿನ ಹುಡುಗಿಯನ್ನು ಕೊಂದ. ಆರು ವರ್ಷ! ಇಡೀ ದೇಶವೇ ಬೆಚ್ಚಿಬಿತ್ತು.

ಅದಾಗಿ ಮೂರು ವಾರ ಆಗುವುದರೊಳಗೆ, ಮಾರ್ಚ್ 17ರಂದು, ಸ್ಮಿತ್ ಅಂಡ್ ವೆಸನ್ ಕಂಪನಿ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ಸರ್ಕಾರದ ಜೊತೆ ಒಪ್ಪಂದಕ್ಕೆ ಸಹಿ ಹಾಕಿತು. ಇದು ಸಣ್ಣ ಕಂಪನಿ ಅಲ್ಲ. 1852ರಿಂದ ಹೆಸರು ಮಾಡಿದ, ಆಗ ಮ್ಯಾಸಚುಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿದ್ದ, ರಿವಾಲ್ವರ್ ಅಂದ ಕೂಡಲೇ ನೆನಪಾಗುವ ಕಂಪನಿ. ಆಗ ಅದರ ಮಾಲೀಕತ್ವ ಇದ್ದದ್ದು ಟಾಮ್‌ಕಿನ್ಸ್ ಅನ್ನೋ ಬ್ರಿಟಿಷ್ ಕಂಪನಿ ಕೈಯಲ್ಲಿ.

ಷರತ್ತುಗಳು ಹೀಗಿದ್ದವು. 60 ದಿನದೊಳಗೆ ಪ್ರತಿ ಕೈಬಂದೂಕಿನ ಜೊತೆ ಹೊರಗಿನ ಬೀಗ ಕೊಡಬೇಕು. 24 ತಿಂಗಳೊಳಗೆ ಬಂದೂಕಿನ ಒಳಗೇ ಬೀಗ ಕೂರಿಸಬೇಕು. ಮಾಲೀಕನ ಕೈಯಲ್ಲಿ ಮಾತ್ರ ಹಾರುವ 'ಸ್ಮಾರ್ಟ್' ಬಂದೂಕಿನ ಸಂಶೋಧನೆಗೆ ಮಾರಾಟದ ಶೇ. 2ರಷ್ಟು ಎತ್ತಿಡಬೇಕು. ಬದಲಿಗೆ ಸರ್ಕಾರ ಮತ್ತು ಹಲವು ನಗರಗಳು ಕಂಪನಿಯನ್ನು ಕೋರ್ಟ್ ಕೇಸಿನಿಂದ ಬಿಡುತ್ತವೆ.

ಇಲ್ಲಿವರೆಗೆ ಬೀಗದ ಮಾತು. ಆದರೆ ಗಿರಾಕಿಗಿಂತ ಮೊದಲು ಕೆರಳಿದ್ದು ಅಂಗಡಿಯವರು. ಯಾಕಂದ್ರೆ ಒಪ್ಪಂದದಲ್ಲಿ ಡೀಲರ್‌ಗಳಿಗೂ ನಿಯಮಗಳಿದ್ದವು. ಒಬ್ಬ ಗಿರಾಕಿ ಎರಡು ಕೈಬಂದೂಕು ಕೊಂಡರೆ ಆವತ್ತು ಒಂದನ್ನು ಮಾತ್ರ ಕೊಡಬೇಕು, ಉಳಿದದ್ದು 14 ದಿನ ಆದಮೇಲೆ. 18 ವರ್ಷದೊಳಗಿನವರು ದೊಡ್ಡವರ ಜೊತೆ ಇಲ್ಲದೆ ಬಂದೂಕು ಇಟ್ಟ ಜಾಗಕ್ಕೆ ಬರುವ ಹಾಗಿಲ್ಲ. ಇಂಥ ನಿಯಮಗಳು ಸ್ಮಿತ್ ಅಂಡ್ ವೆಸನ್ ಮಾಲಿಗಷ್ಟೇ ಅಲ್ಲ, ಅಂಗಡಿಯಲ್ಲಿರುವ ಎಲ್ಲಾ ಕಂಪನಿಯ ಮಾಲಿಗೂ ಲಾಗೂ. ಒಂದು ಸೋಪಿನ ಕಂಪನಿ ಬಂದು "ನಮ್ಮ ಸೋಪು ಬೇಕಿದ್ರೆ ನಿಮ್ಮ ಅಂಗಡಿಯ ಅಕ್ಕಿ, ಬೇಳೆ, ಎಣ್ಣೆಯನ್ನೂ ನಾವು ಹೇಳಿದ ಹಾಗೇ ಮಾರಬೇಕು" ಅಂದ್ರೆ ಯಾವ ಅಂಗಡಿಯವರು ಸುಮ್ಮನಿರ್ತಾರೆ?

ಬಹಿಷ್ಕಾರ

ಅಮೆರಿಕದ ಬಂದೂಕು ಮಾಲೀಕರ ದೊಡ್ಡ ಸಂಘಟನೆ ಎನ್‌ಆರ್‌ಎ ಕಂಪನಿಯನ್ನು ಶರಣಾಗತಿ ಅಂತ ಜರಿಯಿತು. ಉಳಿದ ಬಂದೂಕು ಕಂಪನಿಗಳು ಯಾವುದೂ ಇದೇ ರೀತಿಯ ಒಪ್ಪಂದಕ್ಕೆ ಬರಲಿಲ್ಲ. ಡೀಲರ್‌ಗಳು ಮಾಲು ತರಿಸೋದು ಬಿಟ್ಟರು, ಗಿರಾಕಿಗಳು ಬೇರೆ ಬ್ರಾಂಡಿಗೆ ಹೋದರು. ಕಂಪನಿ ಕೆಲಸಗಾರರನ್ನು ಮನೆಗೆ ಕಳಿಸಬೇಕಾಯ್ತು. ಸಹಿ ಹಾಕಿದ ಮುಖ್ಯಸ್ಥ ಎಡ್ ಶುಲ್ಟ್ಸ್ ಅದೇ ವರ್ಷ ಕಂಪನಿ ಬಿಟ್ಟರು.

2001ರ ಮೇ ತಿಂಗಳಲ್ಲಿ ಟಾಮ್‌ಕಿನ್ಸ್ ಕೈ ತೊಳೆದುಕೊಂಡಿತು. 1987ರಲ್ಲಿ 11.25 ಕೋಟಿ ಡಾಲರ್ ಕೊಟ್ಟು ಕೊಂಡಿದ್ದ ಕಂಪನಿಯನ್ನು 1.5 ಕೋಟಿ ಡಾಲರ್‌ಗೆ ಮಾರಿತು. ಕೊಂಡವರು ಜೊತೆಗೆ ಸುಮಾರು 3 ಕೋಟಿ ಡಾಲರ್ ಸಾಲವನ್ನೂ ತಲೆ ಮೇಲೆ ಹಾಕಿಕೊಂಡರು ಅನ್ನೋದು ನಿಜ. ಆದರೂ ಒಂದೂವರೆ ಶತಮಾನದ ಹೆಸರಿಗೆ ಅದು ಬೆಲೆಯೇ ಅಲ್ಲ.

ಕೊಂಡವರು ಯಾರು ಗೊತ್ತಾ? ಅರಿಜೋನಾ ರಾಜ್ಯದ ಸೇಫ್-ಟಿ-ಹ್ಯಾಮರ್ ಅನ್ನೋ ಪುಟ್ಟ ಕಂಪನಿ. ಅದರ ವ್ಯಾಪಾರವೇ ಬಂದೂಕಿನ ಸೇಫ್ಟಿ ಸಾಮಾನು, ಬೀಗ!

ಅಷ್ಟರಲ್ಲಿ ಸರ್ಕಾರವೂ ಬದಲಾಗಿತ್ತು. ಜಾರ್ಜ್ ಬುಷ್ ಅಧ್ಯಕ್ಷರಾದ ಮೇಲೆ ಕ್ಲಿಂಟನ್ ಕಾಲದ ಒಪ್ಪಂದವನ್ನು ಯಾರೂ ಜಾರಿ ಮಾಡಲು ಹೋಗಲಿಲ್ಲ. ಅದು ಕಡತದಲ್ಲೇ ಮಲಗಿತು. 2005ರಲ್ಲಿ ಬಂದೂಕು ಕಂಪನಿಗಳನ್ನು ಇಂಥ ಕೇಸುಗಳಿಂದ ಕಾಪಾಡುವ ಕಾನೂನೇ ಬಂತು. ಅಂದರೆ ಬೀಗ ಹಾಕಲೇಬೇಕು ಅನ್ನೋ ಒಪ್ಪಂದ ಸತ್ತುಹೋಯ್ತು. ಆದರೆ ಬೀಗ ಮಾತ್ರ ಬಂತು, ಹೊಸ ಮಾಲೀಕರೇ ತಂದರು. 2001ರ ಕೊನೆಯಿಂದ ಸ್ಮಿತ್ ಅಂಡ್ ವೆಸನ್ ರಿವಾಲ್ವರ್‌ಗಳ ಎಡ ಮೈಮೇಲೆ ಒಂದು ಸಣ್ಣ ತೂತು ಕಾಣಿಸಿಕೊಂಡಿತು.

ತೂತಿನ ಒಳಗೇನಿದೆ

ಗುಂಡಿನ ಚಕ್ರವನ್ನು ಹೊರಗೆ ತೆಗೆಯಲು ಒತ್ತುವ ಗುಂಡಿ ಇದೆಯಲ್ಲ, ಅದರ ಸ್ವಲ್ಪ ಮೇಲೆ ಆ ತೂತು. ಕಂಪನಿ ಕೊಡುವ ಪುಟಾಣಿ ಕೀಯನ್ನು ಅದರಲ್ಲಿ ಹಾಕಿ ತಿರುಗಿಸಿದರೆ ಕುದುರೆಯ ಪಕ್ಕದಲ್ಲಿರುವ ಒಂದು ತೆಳು ಲೋಹದ ತುಂಡು ಮೇಲೇಳುತ್ತದೆ. ಅದಕ್ಕೆ ಫ್ಲ್ಯಾಗ್ ಅಂತ ಹೆಸರು. ಅದರ ಮೇಲೆ 'ಲಾಕ್ಡ್' ಅಂತ ಬರೆದಿರುತ್ತದೆ, ಮೇಲೆದ್ದಾಗ ಕಣ್ಣಿಗೆ ಕಾಣುತ್ತದೆ. ಅದರ ಒಂದು ಮೊಳೆಯಂಥ ಚಾಚು ಕುದುರೆಯ ಕುಳಿಯಲ್ಲಿ ಕೂತು ಕುದುರೆ ಅಲುಗದಂತೆ ಹಿಡಿಯುತ್ತದೆ. ಕುದುರೆ ಅಲುಗದಿದ್ದರೆ ಟ್ರಿಗರ್ರೂ ಎಳೆಯಲು ಬರುವುದಿಲ್ಲ. ವಾಪಸ್ ತಿರುಗಿಸಿದರೆ ಬಿಡುಗಡೆ.

ಬೈಕಿನ ಹ್ಯಾಂಡಲ್ ಲಾಕ್ ನೆನಪಿಸಿಕೊಳ್ಳಿ. ತತ್ವ ಅದೇ.

ಟೀಕಾಕಾರರು ಹಿಡಿದದ್ದೂ ಅದನ್ನೇ. ಬೈಕು ಓಡುತ್ತಿರುವಾಗ ಹ್ಯಾಂಡಲ್ ಲಾಕ್ ತಾನಾಗಿ ಬಿದ್ದರೆ? ರಿವಾಲ್ವರ್ ಹಾರಿದಾಗ ಹಿಂದಕ್ಕೆ ಒದೆಯುತ್ತದೆ. ಆ ಒದೆತಕ್ಕೆ ಫ್ಲ್ಯಾಗ್ ತಾನಾಗಿ ಮೇಲೆ ಜಿಗಿದು ಕುದುರೆಯನ್ನು ಕಚ್ಚಿಕೊಂಡಿತು, ಎರಡನೇ ಗುಂಡು ಹಾರಲೇ ಇಲ್ಲ ಅಂತ ಹಲವು ಮಾಲೀಕರು ದೂರಿದರು, ಅಮೆರಿಕದ ಬಂದೂಕು ಪತ್ರಿಕೆಗಳೂ ಬರೆದವು. ಎಲ್ಲಾ ಮಾಡೆಲ್‌ಗೂ ಈ ದೂರು ಒಂದೇ ಸಮ ಬರಲಿಲ್ಲ. ಹೆಚ್ಚಾಗಿ ಬಂದದ್ದು ಸ್ಕ್ಯಾಂಡಿಯಂ, ಟೈಟಾನಿಯಂ ಬಳಸಿ ಮಾಡಿದ ಹಗುರ ರಿವಾಲ್ವರ್‌ಗಳಲ್ಲಿ, ಅದರಲ್ಲೂ .357 ಮತ್ತು .44 ಮ್ಯಾಗ್ನಮ್ ಎಂಬ ಜೋರು ಗುಂಡು ಹಾಕಿದಾಗ. ಕಾರಣ ಊಹಿಸೋದು ಕಷ್ಟ ಇಲ್ಲ. ತೂಕ ಕಮ್ಮಿ ಆದಷ್ಟೂ ಒದೆತ ಜಾಸ್ತಿ. ಭಾರದ ಉಕ್ಕಿನ ರಿವಾಲ್ವರ್‌ನಲ್ಲಿ ಅದೇ ಬೀಗ ಸುಮ್ಮನೆ ಕೂತಿರುತ್ತದೆ.

ಇಂಥ ಘಟನೆ ಎಷ್ಟು ಅಪರೂಪ ಅನ್ನುವುದು ಬೀಗದ ಪರ ಇರುವವರ ಉತ್ತರ. ಲಕ್ಷಗಟ್ಟಲೆ ರಿವಾಲ್ವರ್‌ನಲ್ಲಿ ಬೆರಳೆಣಿಕೆಯ ದೂರು, ಇದಕ್ಕಿಂತ ಹೆಚ್ಚು ಸಲ ಗುಂಡೇ ಕೈಕೊಡುತ್ತದೆ ಅಂತ ಅವರು ಹೇಳ್ತಾರೆ. ಆದರೆ ಜೀವ ಉಳಿಸಿಕೊಳ್ಳಲು ಇಟ್ಟುಕೊಂಡ ವಸ್ತುವಿಗೆ ಈ ಲೆಕ್ಕ ಸಾಲದು ಅನ್ನೋದು ಎದುರು ಪಕ್ಷದ ಮಾತು. ಫೇಲ್ ಆಗುವ ಸಾಧ್ಯತೆ ಇರುವ ಒಂದು ಭಾಗವನ್ನು ಕಂಪನಿ ಬೇಕಂತಲೇ ಸೇರಿಸಿದೆ, ತಮಗೆ ಬೇಡ ಅಂದರೂ ತೆಗೆದುಕೊಡುತ್ತಿಲ್ಲ, ಇದು ಅವರ ಸಿಟ್ಟು. ಇಬ್ಬರ ಮಾತಲ್ಲೂ ಹುರುಳಿದೆ. ಆದರೆ ಹಗುರ ಮಾಡೆಲ್‌ಗಳ ವಿಷಯದಲ್ಲಿ ದೂರುದಾರರ ಕಡೆಯೇ ತೂಕ ಜಾಸ್ತಿ. ಒದೆತಕ್ಕೆ ಅಲುಗಬಲ್ಲ ಬೀಗವನ್ನು ಅತಿ ಹೆಚ್ಚು ಒದೆಯುವ ಬಂದೂಕಿಗೆ ಹಾಕಿದ್ದು ಜಾಣತನ ಅಲ್ಲ.

ಹೆಸರಿನ ರಾಜಕೀಯ

ಆ ತೂತಿಗೆ ಗಿರಾಕಿಗಳು ಇಟ್ಟ ಅಡ್ಡಹೆಸರು 'ಹಿಲರಿ ಹೋಲ್'. ಅಂದರೆ ಹಿಲರಿ ತೂತು. ಒಪ್ಪಂದ ಮಾಡಿದ್ದು ಗಂಡನ ಸರ್ಕಾರ, ಬೀಗ ಕೂರಿಸಿದ್ದು ಗಂಡ ಅಧಿಕಾರದಿಂದ ಇಳಿದ ಮೇಲೆ, ಅದೂ ಖಾಸಗಿ ಕಂಪನಿ. ಬೈಗುಳ ಮಾತ್ರ ಹೆಂಡತಿಗೆ! ಎಲ್ಲಾ ಊರಿನ ರಾಜಕೀಯವೂ ಹೀಗೇ ಇರುತ್ತೆ ಅನ್ನಿ.

ಆದರೆ ಇದು ಬರೀ ಗೇಲಿ ಅಲ್ಲ. ಇದೇ ಕಾಲದಲ್ಲಿ ಬೇರೆ ಕಂಪನಿಗಳೂ ಒಳಬೀಗ ಹಾಕಿದ್ದವು. ಬ್ರೆಜಿಲ್‌ನ ಟಾರಸ್ ಕಂಪನಿ ಸ್ಮಿತ್ ಅಂಡ್ ವೆಸನ್‌ಗಿಂತ ಮೊದಲೇ ಕುದುರೆಯಲ್ಲೇ ಕೀ ಹಾಕುವ ಬೀಗ ಇಟ್ಟಿತ್ತು. ರೂಗರ್ ತನ್ನ ಕೆಲವು ರಿವಾಲ್ವರ್‌ಗಳಲ್ಲಿ ಬೀಗವನ್ನು ಹಿಡಿಯ ಒಳಗೆ ಅಡಗಿಸಿತು. ಹೊರಗಿನಿಂದ ಕಾಣೋದೇ ಇಲ್ಲ, ಬೇಕಾದವರು ಮಾತ್ರ ಬಳಸಬಹುದು. ಇವರ ಮೇಲೆ ಆ ಮಟ್ಟದ ಸಿಟ್ಟು ಬರಲಿಲ್ಲ. ಸ್ಮಿತ್ ಅಂಡ್ ವೆಸನ್ ತೂತು ಕಣ್ಣಿಗೆ ಹೊಡೆಯುವ ಜಾಗದಲ್ಲಿತ್ತು, ಅದರ ಹಿಂದೆ ಒಪ್ಪಂದದ ಕಥೆ ಇತ್ತು. ಹಾಗಾಗಿ ಪ್ರತಿಸಲ ಕಣ್ಣಿಗೆ ಬಿದ್ದಾಗಲೂ "ಇವರು ನಮ್ಮನ್ನ ಮಾರಿದರು" ಅಂತ ನೆನಪಾಗುತ್ತಿತ್ತು.

ಇನ್ನೊಂದು ಭಯವೂ ಇತ್ತು. ಇವತ್ತು ಬೀಗ, ನಾಳೆ ಇನ್ನೇನೋ ಕಡ್ಡಾಯ ಮಾಡ್ತಾರೆ ಅಂತ. ಇದು ಪೂರ್ತಿ ಕಲ್ಪನೆ ಏನಲ್ಲ. 2002ರಲ್ಲಿ ನ್ಯೂಜೆರ್ಸಿ ರಾಜ್ಯ ಒಂದು ಕಾನೂನು ಮಾಡಿತು: ದೇಶದಲ್ಲಿ ಎಲ್ಲಾದರೂ ಸ್ಮಾರ್ಟ್ ಕೈಬಂದೂಕು ಮಾರಾಟಕ್ಕೆ ಬಂದರೆ, ಅದಾದ ಮೂರು ವರ್ಷಕ್ಕೆ ತನ್ನ ರಾಜ್ಯದಲ್ಲಿ ಅಂಥವನ್ನೇ ಮಾರಬೇಕು ಅಂತ. ಪರಿಣಾಮ ಉಲ್ಟಾ ಹೊಡೆಯಿತು. 2014ರಲ್ಲಿ ಜರ್ಮನಿಯ ಆರ್ಮಾಟಿಕ್ಸ್ ಕಂಪನಿಯ ಸ್ಮಾರ್ಟ್ ಪಿಸ್ತೂಲನ್ನು ಮಾರಲು ಹೊರಟ ಕ್ಯಾಲಿಫೋರ್ನಿಯಾ, ಮೇರಿಲ್ಯಾಂಡ್ ಅಂಗಡಿಯವರಿಗೆ ಬೆದರಿಕೆಗಳು ಬಂದು ಅವರು ಹಿಂದೆ ಸರಿದರು. ಕೊನೆಗೆ 2019ರಲ್ಲಿ ನ್ಯೂಜೆರ್ಸಿಯೇ ಆ ಕಾನೂನನ್ನು ಸಡಿಲಿಸಿತು.

ಸೆಕೆಂಡ್ ಹ್ಯಾಂಡ್ ಮಾರ್ಕೆಟ್‌ನಲ್ಲಿ ಏನಾಯ್ತು

ವ್ಯಾಪಾರಸ್ಥರಿಗೆ ಇಷ್ಟವಾಗುವ ಭಾಗ ಇದು. ಬೀಗ ಬಂದ ಮೇಲೆ ಬೀಗ ಇಲ್ಲದ ಹಳೇ ಮಾಲಿಗೆ ಬೇಡಿಕೆ ಬಂತು. ಅಮೆರಿಕದಲ್ಲಿ 'ಪ್ರೀ-ಲಾಕ್' ಅನ್ನೋದೇ ಒಂದು ದರ್ಜೆ ಆಗಿಬಿಟ್ಟಿದೆ. ಮಾಡೆಲ್ ನಂಬರ್ ಹಿಂದಿನ ಅಂಕಿ ನೋಡಿ ಗಿರಾಕಿ ಹೇಳ್ತಾನೆ. ಉದಾಹರಣೆಗೆ ಜನಪ್ರಿಯ 686 ಮಾಡೆಲ್‌ನಲ್ಲಿ 686-6 ಅಂತ ಇದ್ದರೆ ಬೀಗ ಬಂದ ಕಾಲದ್ದು. ನಮ್ಮಲ್ಲಿ ಹಳೇ ಬುಲೆಟ್ ಹುಡುಕಿಕೊಂಡು ಹೋಗುವವರು ಇಂಜಿನ್ ನಂಬರ್ ನೋಡುವ ಹಾಗೆ.

ಕೆಲವರು ಬೀಗದ ತುಂಡನ್ನೇ ತೆಗೆದು ಎಸೆದರು. ತೂತು ಮುಚ್ಚಲು ಬಿರಡೆಯಂಥ ತುಂಡು ಮಾರುವವರೂ ಹುಟ್ಟಿಕೊಂಡರು. ಇಲ್ಲಿ ವಕೀಲರು ಎಚ್ಚರಿಕೆ ಹೇಳ್ತಾರೆ: ಆತ್ಮರಕ್ಷಣೆಗೆ ಅಂತ ಗುಂಡು ಹಾರಿಸಿ ಕೇಸ್ ಕೋರ್ಟಿಗೆ ಹೋದರೆ, ಎದುರು ವಕೀಲ "ಕಂಪನಿ ಹಾಕಿದ ಸೇಫ್ಟಿಯನ್ನೇ ಕಿತ್ತು ಹಾಕಿದ ಮನುಷ್ಯ ಇವನು" ಅಂತ ಜ್ಯೂರಿ ಮುಂದೆ ಬೊಟ್ಟು ಮಾಡಬಹುದು ಅಂತ.

ಕಂಪನಿಯೂ ನಿಧಾನಕ್ಕೆ ಬಗ್ಗಿತು. ಕಿಸೆಯಲ್ಲಿ ಇಡುವಂಥ 442, 642 ಮಾಡೆಲ್‌ಗಳನ್ನು ಬೀಗ ಇಲ್ಲದೆಯೂ ಮಾರತೊಡಗಿತು. 2024ರ ಜನವರಿಯಲ್ಲಿ ಲಿಪ್ಸೀಸ್ ಎಂಬ ಸಗಟು ವ್ಯಾಪಾರಿಯ ಜೊತೆ ಸೇರಿ 'ಅಲ್ಟಿಮೇಟ್ ಕ್ಯಾರಿ' ಅನ್ನೋ ಸಣ್ಣ ರಿವಾಲ್ವರ್‌ಗಳನ್ನು ತಂದಾಗ ಅದರಲ್ಲಿ ಒಳಬೀಗ ಇಲ್ಲ ಅನ್ನೋದೇ ದೊಡ್ಡ ಸುದ್ದಿ. ಒಂದು ಭಾಗ ಇಲ್ಲದೇ ಇರೋದನ್ನೇ ವಿಶೇಷ ಅಂತ ಮಾರುವ ಪರಿಸ್ಥಿತಿ.

ಇದರಲ್ಲಿ ಇನ್ನೊಂದು ತಮಾಷೆ ಇದೆ. ಮಕ್ಕಳ ಕೈಗೆ ಸಿಕ್ಕರೂ ಹಾರದ ರಿವಾಲ್ವರನ್ನು ಇದೇ ಕಂಪನಿ 1887ರಲ್ಲೇ ಮಾಡಿತ್ತು! ಹಿಡಿಯ ಹಿಂಬದಿಯಲ್ಲಿ ಒಂದು ಪಟ್ಟಿ, ಅಂಗೈಯಿಂದ ಅದನ್ನು ಗಟ್ಟಿಯಾಗಿ ಒತ್ತಿ ಹಿಡಿದು, ಬಿಗಿಯಾದ ಟ್ರಿಗರನ್ನೂ ಎಳೆದರೆ ಮಾತ್ರ ಹಾರುತ್ತಿತ್ತು. ಸಣ್ಣ ಮಕ್ಕಳ ಕೈಗೆ ಆ ಬಲ ಇರೋದಿಲ್ಲ ಅಂತಲೇ ಪ್ರಚಾರ ಮಾಡಿ ಮಾರಿದರು. ಜನ ಅದಕ್ಕೆ ಪ್ರೀತಿಯಿಂದ 'ನಿಂಬೆಹಣ್ಣು ಹಿಂಡುವುದು' ಅಂತ ಹೆಸರಿಟ್ಟರು. ಸುಮಾರು 50 ವರ್ಷ ಅದು ಮಾರಾಟವಾಯ್ತು. ಯಾರೂ ಬಹಿಷ್ಕಾರ ಹಾಕಲಿಲ್ಲ. ಕೀ ಬೇಕಿರಲಿಲ್ಲ, ಸರ್ಕಾರ ಹೇಳಿರಲಿಲ್ಲ, ಬಳಸುವವನು ಹಿಡಿದ ಕೂಡಲೇ ತಾನಾಗಿ ತೆರೆಯುತ್ತಿತ್ತು.

ಕಾನೂನು ಏನು ಹೇಳುತ್ತೆ

ಮೇರಿಲ್ಯಾಂಡ್ ರಾಜ್ಯದಲ್ಲಿ 2003ರಿಂದ ಹೊಸದಾಗಿ ತಯಾರಾದ ಕೈಬಂದೂಕು ಮಾರಬೇಕಾದರೆ ಒಳಬೀಗ ಕಡ್ಡಾಯ. ಕ್ಯಾಲಿಫೋರ್ನಿಯಾದಲ್ಲಿ 2002ರಿಂದ ಬಂದೂಕಿನ ಜೊತೆ ಸರ್ಕಾರ ಒಪ್ಪಿದ ಬೀಗ ಕೊಡಬೇಕು. ಇಡೀ ದೇಶಕ್ಕೆ ಅನ್ವಯಿಸುವಂತೆ 2005ರ ಅದೇ ಕಾನೂನಿನಲ್ಲಿ, ಲೈಸೆನ್ಸ್ ಇರುವ ಡೀಲರ್ ಕೈಬಂದೂಕು ಮಾರುವಾಗ ಒಂದು ಬೀಗ ಅಥವಾ ಭದ್ರವಾಗಿಡುವ ಸಾಧನ ಕೊಡಬೇಕು ಅಂತ ಸೇರಿತು. ಕೊಡಬೇಕು ಅಷ್ಟೇ. ಗಿರಾಕಿ ಮನೆಗೆ ಹೋಗಿ ಹಾಕ್ತಾನೋ, ಡಬ್ಬದಲ್ಲೇ ಬಿಡ್ತಾನೋ ಅದನ್ನು ಈ ಕಾನೂನು ಕೇಳುವುದಿಲ್ಲ.

ಹಾಕಲೇಬೇಕು ಅಂತ ಹೇಳಿದ್ದ ರಾಜಧಾನಿ ವಾಷಿಂಗ್ಟನ್‌ನ ಕಾನೂನು ಸುಪ್ರೀಂ ಕೋರ್ಟಲ್ಲಿ ಬಿದ್ದುಹೋಯಿತು. ಮನೆಯಲ್ಲಿಟ್ಟ ಬಂದೂಕು ಬಿಚ್ಚಿಟ್ಟಿರಬೇಕು ಅಥವಾ ಟ್ರಿಗರ್‌ಗೆ ಬೀಗ ಇರಬೇಕು ಅನ್ನೋ ನಿಯಮ ಆತ್ಮರಕ್ಷಣೆಯ ಹಕ್ಕಿಗೆ ಅಡ್ಡಿ ಅಂತ 2008ರ ಜೂನ್ 26ರಂದು 5-4 ಬಹುಮತದ ತೀರ್ಪು ಬಂತು. ಹೆಲರ್ ಕೇಸ್ ಅಂತ ಪ್ರಸಿದ್ಧ.

ಹಾಗಾದ್ರೆ ಬೀಗದಿಂದ ಮಕ್ಕಳು ಉಳಿಯುತ್ತಾರಾ?

ಈ ಗಲಾಟೆಯಲ್ಲಿ ಅತಿ ಕಮ್ಮಿ ಚರ್ಚೆಯಾದ ಪ್ರಶ್ನೆ ಇದೇ. 1991ರಲ್ಲಿ ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಆಕಸ್ಮಿಕ ಗುಂಡೇಟಿನ ಸಾವುಗಳನ್ನು ಕೂತು ಬಿಡಿಸಿ ನೋಡಿತು. ಆರು ವರ್ಷದೊಳಗಿನ ಮಕ್ಕಳು ಹಾರಿಸದಂತೆ ತಡೆಯುವ ಸಾಧನ ಇದ್ದಿದ್ದರೆ ಶೇ. 8ರಷ್ಟು ಸಾವು ತಪ್ಪುತ್ತಿತ್ತು. ಬಂದೂಕಿನಲ್ಲಿ ಗುಂಡು ಇದೆಯೋ ಇಲ್ಲವೋ ಅಂತ ತೋರಿಸುವ ಗುರುತು ಇದ್ದಿದ್ದರೆ ಇನ್ನೂ ಶೇ. 23ರಷ್ಟು ತಪ್ಪುತ್ತಿತ್ತು. ಅಂದರೆ "ಖಾಲಿ ಇದೆ" ಅಂದುಕೊಂಡು ಟ್ರಿಗರ್ ಎಳೆದು ಕೊಂದವರೇ ಜಾಸ್ತಿ. ಬೀಗಕ್ಕಿಂತ ಆ ಭ್ರಮೆಯೇ ದೊಡ್ಡ ಸಮಸ್ಯೆ.

ಅಮೆರಿಕದಲ್ಲಿ 2020ರಿಂದ ಮಕ್ಕಳು ಮತ್ತು ಹದಿಹರೆಯದವರ ಸಾವಿಗೆ ಗುಂಡೇಟೇ ನಂಬರ್ ಒನ್ ಕಾರಣ, ರಸ್ತೆ ಅಪಘಾತವನ್ನೂ ಹಿಂದಿಕ್ಕಿದೆ. ಅದರಲ್ಲಿ ಆಕಸ್ಮಿಕ ಸಾವು ಸಣ್ಣ ಪಾಲು. ಕೊಲೆ, ಆತ್ಮಹತ್ಯೆಯೇ ಹೆಚ್ಚು. ಹಾಗಂತ ಬೀಗ ದಂಡ ಅಂತಲ್ಲ. ಬೇಜಾರಿನಲ್ಲಿರುವ ಹದಿನೈದರ ಹುಡುಗನ ಕೈಗೆ ಅಪ್ಪನ ರಿವಾಲ್ವರ್ ಸುಲಭಕ್ಕೆ ಸಿಗದಿದ್ದರೆ ಆ ಗಳಿಗೆ ದಾಟುತ್ತದೆ. ಮಕ್ಕಳ ಕೈಗೆ ಸಿಗುವ ಹಾಗೆ ಬಂದೂಕು ಇಟ್ಟವರಿಗೆ ಶಿಕ್ಷೆ ಕೊಡುವ ಕಾನೂನುಗಳು ಇಂಥ ಸಾವುಗಳನ್ನು ತಗ್ಗಿಸುತ್ತವೆ ಅಂತ ಅಮೆರಿಕದ ರ‍್ಯಾಂಡ್ ಸಂಸ್ಥೆ ನಡೆಸಿದ ಪರಿಶೀಲನೆ ಹೇಳುತ್ತದೆ. ಗಮನಿಸಿ, ಅಲ್ಲಿ ಕೆಲಸ ಮಾಡೋದು ಬಂದೂಕಿನ ಬೀಗ ಅಲ್ಲ, ಬಂದೂಕು ಇಡುವ ಪದ್ಧತಿ.

ಹೊರಗಿನ ಬೀಗಗಳೂ ಎಲ್ಲ ಚೆನ್ನಾಗೇನಿಲ್ಲ. ಅಮೆರಿಕದ ಗ್ರಾಹಕ ಸುರಕ್ಷಾ ಆಯೋಗ 32 ಬಗೆಯ ಬೀಗ ಪರೀಕ್ಷಿಸಿದಾಗ 30 ಬೀಗಗಳು ಕೀ ಇಲ್ಲದೆಯೇ ತೆರೆದುಕೊಂಡವು. 2001ರಲ್ಲಿ ಪುಕ್ಕಟೆ ಹಂಚಿದ್ದ 4 ಲಕ್ಷ ಬೀಗಗಳನ್ನು ವಾಪಸ್ ಕರೆಸಬೇಕಾಯ್ತು.

ಆದರೂ ಒಂದು ಸರಳ ವ್ಯತ್ಯಾಸ ನೆನಪಿಡುವಂಥದ್ದು. ರಿವಾಲ್ವರ್‌ನ ಒಳಬೀಗವನ್ನು ಗುಂಡು ತುಂಬಿದ್ದಾಗಲೂ ಹಾಕಬಹುದು. ಆದರೆ ತಂತಿ ಬೀಗವನ್ನು ಗುಂಡಿನ ಮನೆಯ ಮೂಲಕ ಹಾಯಿಸಬೇಕು, ಹಾಗಾಗಿ ಗುಂಡು ತೆಗೆಯದೆ ಹಾಕಲು ಬರೋದೇ ಇಲ್ಲ, ಚಕ್ರ ಮುಚ್ಚುವುದೂ ಇಲ್ಲ. ತೂತು, ಕೀ, ಫ್ಲ್ಯಾಗ್ ಅಂತ ಇಷ್ಟೆಲ್ಲ ಎಂಜಿನಿಯರಿಂಗ್ ಮಾಡಿದ್ದಕ್ಕಿಂತ ಈ ಅಗ್ಗದ ತಂತಿ ಒಂದು ವಿಷಯದಲ್ಲಿ ಮೇಲು. ಟ್ರಿಗರ್ ಮೇಲೆ ಕಚ್ಚುವ ಬೀಗವನ್ನು ಮಾತ್ರ ಗುಂಡು ತುಂಬಿದ ಬಂದೂಕಿಗೆ ಹಾಕಲೇಬಾರದು. ಹಾಕುವಾಗಲೇ ಟ್ರಿಗರ್ ಒತ್ತಿಹೋಗುವ ಅಪಾಯ ಇದೆ.

ನಮ್ಮಲ್ಲಿ

ಅಮೆರಿಕದ ಜಗಳ ನಮ್ಮ ಅಂಗಡಿಗೆ ನೇರ ಬಂದಿಲ್ಲ. 1980ರ ದಶಕದ ಮಧ್ಯಭಾಗದಿಂದ ಸಾಮಾನ್ಯ ಲೈಸೆನ್ಸ್‌ದಾರರಿಗೆ ವಿದೇಶಿ ಬಂದೂಕಿನ ಆಮದು ಮುಚ್ಚಿಹೋಗಿದೆ. ಹಾಗಾಗಿ ಇಲ್ಲಿ ಲೈಸೆನ್ಸ್ ರಿವಾಲ್ವರ್ ಅಂದರೆ ಹೆಚ್ಚಾಗಿ ಅಜ್ಜನ ಕಾಲದ ವೆಬ್ಲಿ ಅಥವಾ ಕಾನ್ಪುರದ ಸರ್ಕಾರಿ ಕಾರ್ಖಾನೆಯ .32. ಮಹಿಳೆಯರಿಗೆ ಅಂತ 2014ರಲ್ಲಿ ಬಂದ 'ನಿರ್ಭೀಕ್' ಕೂಡ ಕಾನ್ಪುರದ್ದೇ. ಮಲೆನಾಡು, ಕೊಡಗಿನ ಕಡೆ ರಿವಾಲ್ವರ್‌ಗಿಂತ ಬೆಳೆ ಕಾಯುವ ಒಂಟಿನಳಿಗೆ, ಜೋಡಿನಳಿಗೆ ಕೋವಿಗಳೇ ಹೆಚ್ಚು. ಕೊಡವರಿಗೆ ಮತ್ತು ಜಮ್ಮಾ ಭೂಮಿ ಹಿಡುವಳಿದಾರರಿಗೆ ಲೈಸೆನ್ಸ್ ವಿನಾಯಿತಿಯೇ ಇದೆ.

ಬೀಗದ ಪ್ರಶ್ನೆ ಮಾತ್ರ ನಮಗೂ ಬರುತ್ತದೆ. 2025ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆ ನಾಗಮಂಗಲ ತಾಲೂಕಿನ ಕೋಳಿ ಫಾರಂನಲ್ಲಿ ಇದ್ದ ಲೈಸೆನ್ಸ್ ಕೋವಿ ಬಾಲಕನೊಬ್ಬನ ಕೈಗೆ ಸಿಕ್ಕಿ, ಗುಂಡು ಹಾರಿ ಕೂಲಿ ಕುಟುಂಬದ ಪುಟ್ಟ ಮಗು ಸತ್ತುಹೋಯಿತು, ತಾಯಿಗೂ ಗಾಯವಾಯಿತು. ಮಿಷಿಗನ್ ಘಟನೆಗೂ ಇದಕ್ಕೂ 25 ವರ್ಷ, ಸಾವಿರಾರು ಮೈಲಿ ದೂರ. ಎರಡು ಕಡೆಯೂ ಗುಂಡು ತುಂಬಿದ ಆಯುಧ ಮಕ್ಕಳ ಕೈಗೆ ಎಟುಕುವ ಜಾಗದಲ್ಲಿತ್ತು.

ನಮ್ಮ ಊರಿನ ಲೈಸೆನ್ಸ್‌ದಾರರಿಗೆ ಚುನಾವಣೆ ಬಂದಾಗ ಠಾಣೆಗೆ ಕೋವಿ ಒಪ್ಪಿಸೋದು ರೂಢಿ ಇದೆ, ಅದರ ರಸೀದಿ ಜೋಪಾನವಾಗಿ ಇಟ್ಟುಕೊಳ್ತಾರೆ. ವಾಪಸ್ ತಂದ ಮೇಲೆ ಎಲ್ಲಿ ಇಡ್ತಾರೆ ಅನ್ನೋದು ಅವರವರ ಮನೆಗೆ ಬಿಟ್ಟದ್ದು. ಆದರೆ ಲೈಸೆನ್ಸ್‌ನ ಷರತ್ತು ಮುರಿದರೆ ಆಯುಧ ಕಾಯ್ದೆಯ ಸೆಕ್ಷನ್ 30ರ ಪ್ರಕಾರ 6 ತಿಂಗಳವರೆಗೆ ಜೈಲು ಅಥವಾ 2 ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. 2019ರ ತಿದ್ದುಪಡಿ ಆದಮೇಲೆ ಒಬ್ಬರ ಹೆಸರಲ್ಲಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ. ಮದುವೆ, ಮೆರವಣಿಗೆಯಲ್ಲಿ ಬೇರೆಯವರ ಜೀವಕ್ಕೆ ಅಪಾಯ ಆಗುವ ಹಾಗೆ ಗಾಳಿಯಲ್ಲಿ ಗುಂಡು ಹಾರಿಸಿದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಲೈಸೆನ್ಸ್ ಅವಧಿ ಈಗ ಮೂರರ ಬದಲು 5 ವರ್ಷ.